ಗಂಟೆಗೆಷ್ಟು ಎಂಎಲ್

ಏಳನೇ ಬೆಡ್ಡಿಗೆ ಬಂದಾಗ ಕಾಗದದಲ್ಲಿ ಇದ್ದದ್ದಿಷ್ಟು:
ಗಂಗಹನುಮಕ್ಕ, ನಲವತ್ತೊಂದು, ಬಸ್ ಕಂಡಕ್ಟರು.
ಬಿಪಿ ಅರವತ್ತಕ್ಕೆ ಬಿದ್ದಿತ್ತು.
ಖಾಕಿ ಅಂಗಿಯ ಗುಂಡಿ ಬಿಚ್ಚಲು ಪುರುಸೊತ್ತಿಲ್ಲದೆ
ಕತ್ತರಿ ಹಾಕಿದೆವು.
ಜೇಬಿನ ಚಿಲ್ಲರೆ ಉರುಳಿ ಮಂಚದಡಿ ಸೇರಿತು;
ನೆಲ ಒರೆಸುವ ಅಂತೋಣಿಯಮ್ಮ ಮೂರನೇ ದಿನ
ಎಣಿಸಿ ಕೊಟ್ಟಳು, ಮೂವತ್ತೇಳು ರೂಪಾಯಿ.

ಕಾಯಿಲೆಗೆ ದೊಡ್ಡ ಹೆಸರು. ಕಾರಣ ಸಣ್ಣದು.
ಬನಶಂಕರಿಯಿಂದ ಯಲಹಂಕ, ಯಲಹಂಕದಿಂದ ಬನಶಂಕರಿ,
ನಡುವೆ ಹೆಬ್ಬಾಳದ ಸೇತುವೆ ಮೇಲೆ ಮುಕ್ಕಾಲು ಗಂಟೆ,
ಹೆಂಗಸು ಹೋಗಿ ಬರುವಂಥ ಜಾಗ ಎಲ್ಲೂ ಇಲ್ಲ.
ಅದಕ್ಕೆ ನೀರು ಕುಡಿಯುತ್ತಿರಲಿಲ್ಲವಂತೆ.
ಹನ್ನೊಂದು ವರ್ಷ ತಡೆದದ್ದು
ಒಂದು ಭಾನುವಾರ ಚಳಿಜ್ವರವಾಗಿ
ನೆತ್ತರಿಗೆ ಹತ್ತಿತು.

ಈಗ ಅದೇ ಉಚ್ಚೆಗೆ
ನಾನು ಗಂಟೆಗೊಮ್ಮೆ ಮಂಡಿಯೂರಿ
ಚೀಲದ ಗೆರೆ ನೋಡುತ್ತೇನೆ,
ಹುಂಡಿ ಎಣಿಸುವವರ ಹಾಗೆ.
ಹತ್ತು ಎಂಎಲ್.
ಐದು.
ಆಮೇಲೆ ಸೊನ್ನೆ, ಸೊನ್ನೆ, ಸೊನ್ನೆ.

ಅವಳ ಪಾಲಿನ ಉಸಿರನ್ನು ಪೆಟ್ಟಿಗೆಯೊಂದು ಉಸಿರಾಡುತ್ತಿತ್ತು,
ನಿಮಿಷಕ್ಕೆ ಹದಿನೆಂಟು, ಒಂದೂ ತಪ್ಪದೆ.
ಈ ಕೋಣೆಯಲ್ಲಿ ಕೊಟ್ಟದ್ದಕ್ಕೆಲ್ಲ ವಾಪಸು ಕೇಳುತ್ತಾರೆ.
ಒತ್ತಡ ಎತ್ತಿದ ಔಷಧ
ಬೆರಳ ತುದಿಗಳನ್ನು ಕರ್ರಗೆ ಒಣಗಿಸಿತು.
ಗಾಳಿ ತಂದ ನಳಿಗೆಯಲ್ಲೇ
ಒಂಬತ್ತನೇ ದಿನ ಹೊಸ ಕೀವು ಬಂತು.
ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆವು, ಬಿಟ್ಟಿಲ್ಲ.
ಆದರೂ ಸೊಂಟದ ಕೆಳಗೆ
ರೂಪಾಯಿಯಗಲ ಹುಣ್ಣು.

ಡಾಕ್ಟರು ಅವಳ ತಾಯಿಗೆ ಹೇಳಿದರು:
ಇಂಥವರು ನೂರು ಜನ ಇದ್ದರೆ ನಲವತ್ತು ಜನ ಉಳಿಯಬಹುದು.
ಮುದುಕಿ ಸೆರಗು ಬಾಯಿಗಿಟ್ಟು ಯೋಚಿಸಿ ಕೇಳಿತು,
"ಆ ನಲ್ವತ್ರಾಗೆ ನಮ್ ಹುಡ್ಗಿಗ್ ಸೀಟೈತಾ ಸ್ವಾಮಿ?"

ಎಂಟನೇ ಬೆಡ್ಡಿನ ಡ್ರಾಯಿಂಗ್ ಮೇಷ್ಟರಿಗೆ
ಇದ್ಯಾವುದೂ ಆಗಲಿಲ್ಲ.
ಕಿಡ್ನಿ ಸರಿ, ಚರ್ಮ ಸರಿ, ನಳಿಗೆ ತೆಗೆದಿದ್ದೆವು,
ಸಂಜೆ ಎಳನೀರು ಕೇಳಿದ್ದರು.
ಬೆಳಗಿನ ಜಾವ ನಾಲ್ಕಕ್ಕೆ ಹೋದರು.
ಅದರ ಬಗ್ಗೆ ನನಗೆ ಹೇಳಲು ಏನೂ ಇಲ್ಲ.

ನಿದ್ದೆಯ ಮದ್ದು ಇಳಿಸಿದ ರಾತ್ರಿ
ಅವಳು ಎಚ್ಚರವೂ ಅಲ್ಲ, ಕನಸೂ ಅಲ್ಲ.
ಗಂಟಲಲ್ಲಿ ತೂತು, ದನಿಯಿಲ್ಲ.
ಕಪ್ಪು ತುದಿಯ ಕೈ ನನ್ನತ್ತ ಚಾಚಿ
ಏನೋ ಕೇಳುತ್ತಾಳೆ. ನೀರೇ? ನೋವೇ? ಅಮ್ಮನೇ?
ಡ್ಯೂಟಿ ಮುಗಿಸಿ ಗಾಜಿನಾಚೆ ದಿನಾ ನಿಲ್ಲುತ್ತಿದ್ದ
ಅವಳ ಬಸ್ಸಿನ ಡ್ರೈವರ್ ಅನ್ಸರ್ ಬಾಷಾ ಅಂದ,
"ಎಲ್ಲಿಗೆ ಅಂತ ಕೇಳ್ತಾವ್ರೆ ಸಿಸ್ಟರ್."
ನಾನು ಬಗ್ಗಿ ಅಂದೆ, ಮೆಜೆಸ್ಟಿಕ್ಕಿಗೆ, ಒಂದು.
ಸಿರಿಂಜಿನ ಖಾಲಿ ಕವರು ಕೈಗಿಟ್ಟೆ.
ಹರಿಯಲು ನೋಡಿದಳು, ಬೆರಳು ಹಿಡಿಯಲಿಲ್ಲ.
ಹರಿಯದೆಯೇ ನನಗೆ ಕೊಟ್ಟಳು.

ಮೂವತ್ತೆಂಟನೇ ದಿನ ಅವನು ಅವಳ ಸೀಟಿ ತಂದ.
ಮೂರು ಚೆಂಡಿನ ಉಸಿರಾಟದ ಆಟಿಕೆ ಅವಳಿಗೆ ಒಗ್ಗಿರಲಿಲ್ಲ.
ಗಂಟಲ ತೂತನ್ನು ತಾನೇ ಒತ್ತಿ ಹಿಡಿದು
ಊದಿದಳು. ಅರ್ಧ ಶಬ್ದ.
ನಾವೆಲ್ಲ ತಲೆಯೆತ್ತಿ ನೋಡಿದೆವು,
ಯಾವ ಮೆಷೀನು ಕೂಗಿತು ಎಂದು.

ಹೋದಳು. ಎರಡು ಬೆರಳ ತುದಿ ಇಲ್ಲ,
ವಾರಕ್ಕೆ ಎರಡು ಡಯಾಲಿಸಿಸ್,
ಮೆಟ್ಟಿಲು ಹತ್ತಲು ಆಗದು.
ರಿಜಿಸ್ಟರಿನಲ್ಲಿ ಇರುವುದು ಎರಡೇ ಕಾಲಮ್ಮು.
"ಗುಣಮುಖ" ಎಂದು ಬರೆದು
ಪೆನ್ನನ್ನು ಸ್ವಲ್ಪ ಹೊತ್ತು ಎತ್ತಲಿಲ್ಲ.

ಎಂಟೂಕಾಲಕ್ಕೆ ಶಿಫ್ಟು ಮುಗಿಸಿ ಬಸ್ಸು ಹತ್ತಿದೆ.
ಯಾರೋ ಹೊಸ ಹುಡುಗಿ, ಹೆಗಲಲ್ಲಿ ಬ್ಯಾಗು,
ಎಲ್ಲಿಗೆ ಮೇಡಂ, ಅಂದಳು.
ಆಗ ನೆನಪಾಯಿತು.
ರಾತ್ರಿಯಿಡೀ ಒಂದು ಸಲವೂ
ನಾನು ಎದ್ದು ಹೋಗಿರಲಿಲ್ಲ.