ಕೆನೆಯ ಪ್ರವರ

ಪ್ಯಾಟರ್ಸನ್ನಿನ ಹಳೇ ರೇಷ್ಮೆ ಗಿರಣಿಯ ಮೂರನೇ ಮಹಡಿ.
ಕಿಟಕಿಗಳಿಗೆ ಬಣ್ಣ ಬಳಿದಿದ್ದಾರೆ; ಬಿಸಿಲಿಗೆ ಪ್ರವೇಶವಿಲ್ಲ.
ಇಲ್ಲಿ ಕೂತು ನೆಲಿಡಾ ವಮಾನಿ
ಬಿಸಿಲು ತಡೆಯುವ ಕೆನೆಯ ಲೇಬಲ್ಲು ಓದುತ್ತಾಳೆ,
ಜಾತಕ ನೋಡುವವರ ಹಾಗೆ,
ಅಡಿಪಟ್ಟಿ ಇಟ್ಟು, ಸಾಲು ಸಾಲು.

ಮೈಗೆ ತೇವ ಕೊಡುತ್ತೇನೆ ಅಂದರೆ ಅದು ಬರೀ ಸಿಂಗಾರ.
ಸೂರ್ಯನನ್ನು ತಡೆಯುತ್ತೇನೆ ಅಂದಿತೋ,
ಆ ಕ್ಷಣಕ್ಕೇ ಔಷಧ.
ಅದೇ ಕೆನೆ, ಅದೇ ಟ್ಯೂಬು, ಅದೇ ಗುಲಾಬಿ ಮುಚ್ಚಳ;
ಆಡಿದ ಮಾತಿಗೆ ಕುಲ ಬದಲು.
ಚೀಟಿ ಬೇಡ, ವೈದ್ಯ ಬೇಡ, ಚಾಚಿದ ಕೈಗೆ ಸಿಗುವ ಔಷಧ,
ಆದರೂ ಪ್ರವರ ಹೇಳಲೇಬೇಕು:
ಹತ್ತು ಅಂಕಿ, ಮೂರು ತುಂಡು.
ಹುಟ್ಟಿಸಿದವರು ಯಾರು, ನೀನು ಯಾರು,
ಯಾವ ಅಂಗಿ ತೊಟ್ಟು ಬಂದೆ.

ಸಕ್ರಿಯ ಘಟಕ: ಜಿಂಕ್ ಆಕ್ಸೈಡ್, ನೂರಕ್ಕೆ ಒಂಬತ್ತು.
ನಿಷ್ಕ್ರಿಯ ಘಟಕಗಳು: ನೀರು,
ದಿನಾ ಇಲ್ಲಿ ಅವಳ ಅಡಿಪಟ್ಟಿ ಒಂದು ಗಳಿಗೆ ನಿಲ್ಲುತ್ತದೆ.
ಅಪ್ಪ ಚಿಂಬೋಟೆಯಲ್ಲಿ ಬಲೆ ಎಳೆದವನು.
ಅವನ ಇಬ್ಬರು ತಮ್ಮಂದಿರನ್ನು
ನೀರು ವಾಪಸು ಕೊಡಲಿಲ್ಲ.
ನಿಷ್ಕ್ರಿಯ.
ಟಿಕ್ ಹಾಕುತ್ತಾಳೆ. ಕಾನೂನಿನ ಪ್ರಕಾರ ಸರಿಯೇ ಇದೆ.

ಗುರುವಾರ ಮಧ್ಯಾಹ್ನ ಸಿಕ್ಕಿಬಿತ್ತು.
ಡಬ್ಬಿಯ ಮೇಲೆ ಏಳನೇ ಅಂಕಿ 3, ಟ್ಯೂಬಿನ ಮೇಲೆ 8.
ಮೂರರ ಬಾಯಿ ಯಾರೋ ಮುಚ್ಚಿದ್ದಾರೆ, ಅಷ್ಟೆ.
ಡುಡೆಕ್ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದ.
“ಒಳಗಿನ ಮಾಲು ಚೆನ್ನಾಗೇ ಇದೆಯಲ್ಲಾ,” ಅಂದ,
ಯಾರಿಗೂ ಹೇಳದ ದನಿಯಲ್ಲಿ.
ಹನ್ನೊಂದು ಸಾವಿರ ಟ್ಯೂಬು.
ಯಂತ್ರದ ಪಟ್ಟಿ ನಿಂತಾಗ ಎಲ್ಲರಿಗೂ
ತಂತಮ್ಮ ಕಿವಿಯ ಗುಂಯ್ ಕೇಳಿಸಿತು.
ಸಂಜೆಗೆ ಹಳದಿ ಟೇಪು, ಪಂಜರ, ಬೀಗ.
ನಾಶಕ್ಕೆ.

ಒಂದು ಮಾತ್ರ ಅವಳ ಕೋಟಿನ ಜೇಬಿನಲ್ಲಿತ್ತು.
ಯಾಕೆಂದರೆ ಅವಳಿಗೇ ಗೊತ್ತಿಲ್ಲ;
ಹದಿನಾಲ್ಕು ವರ್ಷದಲ್ಲಿ ಒಂದು ಪೆನ್ನನ್ನೂ ತಂದವಳಲ್ಲ.

ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ,
ಇಳಿಬಿಸಿಲಿಗೆ ಎಡಗಿವಿ ಕೊಟ್ಟು:
ಕಳೆದ ಚಳಿಗಾಲ ಡಾಕ್ಟರು
ಮೇಲಿನ ಅಂಚು ಕತ್ತರಿಸಿ ತೆಗೆದ ಕಿವಿ.
ಈ ಊರಿನ ಮಾಡುಗಳ ಮೇಲೆ ಟಾರು ಹೊಯ್ಯುತ್ತ
ಒಂಬತ್ತು ಬೇಸಗೆ ಕಳೆದಾಗ
ಅವನಿಗೂ ನಂಬರಿರಲಿಲ್ಲ.
ಒಂದು ಮಾಡೂ ಸೋರಲಿಲ್ಲ.

“ಏನಿದೆ ಇದರಲ್ಲಿ?”
“ನೀರು,” ಅಂದಳು. ಮೊದಲು ಬಾಯಿಗೆ ಬಂದದ್ದು ಅದು.
ಅವನು ಅಲ್ಲಾಡದೆ ಕೂತ, ಕ್ಷೌರಕ್ಕೆ ಕೂತ ಹುಡುಗನ ಹಾಗೆ.
ಎಷ್ಟು ತೀಡಿದರೂ
ಹೊಲಿಗೆಯ ಗೆರೆಯಲ್ಲಿ ಬಿಳುಪು ಒಂಚೂರು ಉಳಿದೇ ಉಳಿಯಿತು.

ಬೆಳಿಗ್ಗೆ ಬೀಗ ತೆಗೆದು ಎಣಿಸುತ್ತಾರೆ:
ಹತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.
ಎಣಿಕೆಯ ಹಾಳೆಗೆ ಸಹಿ ಹಾಕಬೇಕಾದವಳು
ಅವಳೇ.