ಎಡಗಡಿ ಪಾಯದಾನ

ಜಂಗಮನ ಕಾಲಿಗಿ ಕಟ್ಟಿದ ಜಂಗು
ಓಣಿ ತುಂಬ ಕೇಳ್ತದ.
ಗಾಡಿ ಹೊಟ್ಟಿಗಿ ಹತ್ತಿದ ಜಂಗು
ಸಪ್ಪಳಿಲ್ಲದ ತಿಂತದ.

ಕಲಬುರಗಿ ರಿಂಗ್ ರೋಡಿನ ನನ್ನ ಶೆಡ್ಡಿಗಿ
ಅರವತ್ನಾಲ್ಕರ ಫಿಯೆಟ್, ಅವರಪ್ಪನ ಕಾಲದ್ದು,
ತಾವೇ ನಡಸ್ಕೋತ ಬಂದ್ರು ನೀಲಾಂಬಿಕಾ ಟೀಚರ್,
ಗಣಿತದವ್ರು, ರಿಟೈರ್ ಆದವ್ರು.
"ಬಾಗಲಾ ಕೂಡವಲ್ದು, ನೋಡ್ರಿ ದೇವಿಂದ್ರಪ್ಪ."

ಬಾಗಲಾ ಕೂಡವಲ್ದು ಅಂದ್ರ ಬಾಗಲದ ತಪ್ಪಲ್ಲ.
ಈ ಗಾಡಿಗಿ ಬ್ಯಾರೆ ಚಾಸಿ ಇಲ್ಲ,
ಮೈಯೇ ಎಲುಬು.
ಕೆಳಗ ನಡಾ ಜಗ್ಗಿದ್ರ
ಮ್ಯಾಲ ಸಂದಿ ಬಾಯಿ ಬಿಡ್ತದ.

ಬ್ಯಾಟರಿ ಬಿಚ್ಚಿದೆ.
ಪೆಟ್ರೋಲ್ ಟಾಕಿ ಇಳಿಸಿ ಬೇವಿನ ನೆಳ್ಳಿಗಿ ಇಟ್ಟೆ.
ವಾಡಿಯಿಂದ ತಂದ ರೈಲಿನ ಸ್ಲೀಪರ್ ನಾಲ್ಕು ಮೂಲಿಗಿ.
ಶಹಾಬಾದ್ ಪರಸಿ ಮ್ಯಾಲ ಅಂಗಾತ ಮಲಗಿ
ಸಣ್ಣ ಹತೋಡಿಲೆ ಬಡಕೋತ ಹೋದೆ:
ಠಣ್. ಠಣ್. ಠಣ್.
ದಬ್.

ಅಲ್ಲೇ ನಿಂತೆ.
ಸ್ಕ್ರೂಡ್ರೈವರ್ ಮೊನಿ ಊರಿದ್ರ
ಹಿಡಿಕಿತನಾ ಒಳಗ ಹೋತು,
ಕಡಕ್ ರೊಟ್ಟಿ ಮುರದಂಗ ಮುರೀತು.
ಕಣ್ಣಾಗ ಕೆಂಪು ಪುಡಿ.

"ಎಷ್ಟು ತಿಂದದ?"
"ಹೇಳಿದ್ರ ನಂಬಂಗಿಲ್ಲ ನೀವು."
ಸೆರಗು ನಡಕ್ಕ ಕಟ್ಟಿ, ಕನ್ನಡಕ ತೆಗದು
ನನ್ನ ಬಾಜು ಬಂದು ಮಲಗೇ ಬಿಟ್ರು ಟೀಚರ್.
ಗೇಣು ಹಾಕಿ ಅಳದ್ರು.
"ಎರಡು ಗೇಣು, ನಾಲ್ಕು ಬೆರಳು. ಮಾಡ್ರಿ" ಅಂದು
ಆಟೋ ಹಿಡಿದು ಹೋದ್ರು.

ಕೊಯ್ಯೂಕಿಂತ ಮೊದಲ ಕಟ್ಟಬೇಕು.
ಬಾಗಲದ ಖಾಲಿ ಚೌಕಟ್ಟಿನ್ಯಾಗ
ಆಂಗಲ್ ಪಟ್ಟಿ ಅಡ್ಡ ಇಟ್ಟು ಟಾಕಾ ಹೊಡದೆ.
ಇಲ್ಲಂದ್ರ ಕೊಯ್ದ ಗಳಿಗ್ಯಾಗ
ಗಾಡಿ ತನ್ನ ಆಕಾರಾನೇ ಮರಿತದ.
ಒಂದು ಕಡಿ ಮುಗಿಯೂತನಾ ಇನ್ನೊಂದು ಕಡಿ ಮುಟ್ಟಬಾರದು.
ಇದು ಲಾಡ್ಲೇಸಾಬ್ ಉಸ್ತಾದರ ಮಾತು.

ಎಡಗಡಿ ಪಾಯದಾನ ಕೊಯ್ದೆ.
ಒಳಗಿಂದ ಉದುರಿದ್ದು ಬರೇ ಜಂಗಲ್ಲ,
ದಾಲ್ ಮಿಲ್ಲಿನ ಗೋಣಿತಟ್ಟು,
ಮಡಚಿ ಮಡಚಿ ತುರುಕಿದ್ದು.
ಅದರ ಮ್ಯಾಲ ಪುಟ್ಟಿ, ಪುಟ್ಟಿ ಮ್ಯಾಲ ಡಾಂಬರು.
ಗೋಣಿ ನೂಲಿನ್ಯಾಗ ಸಿಕ್ಕೊಂಡ ಒಂದು ತೊಗರಿ ಕಾಳು.
ಯಾವ ಕಳ್ಳ ಮಾಡ್ಯಾನಂತ ಬೈಯಾಕ ಬಾಯಿ ತೆಗದೆ.
ಡಾಂಬರು ಎದ್ದ ಕಡಿ
ಪುಟ್ಟಿ ಮ್ಯಾಲ ಹೆಬ್ಬೆಟ್ಟಿನ ಗುರ್ತು,
ನಡುವ ಅಡ್ಡ ಗೀರು.

ನನ್ನ ಹೆಬ್ಬೆಟ್ಟು ನೋಡ್ಕೊಂಡೆ.
ಹಳೀ ತಗಡು ಕೊಯ್ದ ಗಾಯ
ಇನ್ನಾ ಅಲ್ಲೇ ಅದ.

ಆವಾಗ ನನಗ ಹದಿನಾರು.
ಉಸ್ತಾದ್ ಗ್ಯಾಸ್ ಸಿಲಿಂಡರ್ ತರಾಕ ಸೊಲ್ಲಾಪುರಕ್ಕ ಹೋಗಿದ್ರು.
"ಕೊಯ್ದು ಹಾಕು, ಮುಚ್ಚಬ್ಯಾಡ" ಅಂತ ಹೇಳೇ ಹೋಗಿದ್ರು.
ಮಟಮಟ ಮಧ್ಯಾಹ್ನ. ಸಿನಿಮಾ ಮೂರಕ್ಕ.
ಮರುದಿನ ಬಂದವ್ರು ಬೆರಳಗೆಣ್ಣಿಲೆ ಒಮ್ಮೆ ಬಡದ್ರು.
ದಬ್.
ನನ್ನ ಮಾರಿ ನೋಡಿದ್ರು. ಚಾ ತರಿಸು ಅಂದ್ರು.
ಅವತ್ತು ಸಂಜಿ ಬಾಜು ಕೂಡಿಸ್ಕೊಂಡು
ತಗಡಿನ ಸಪ್ಪಳ ಕೇಳೂದು ಕಲಿಸಿದ್ರು.
ಅವರಿಗಿ ಗೊತ್ತಾಗಿಲ್ಲಂತ
ಮೂವತ್ತೆಂಟು ವರ್ಷ ಒಳಗೊಳಗ ನಕ್ಕೀನಿ.

ಅಠರಾ ಗೇಜಿನ ಹೊಸ ತಗಡು.
ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ;
ಒಂದೇ ಕಡಿ ಸುಟ್ರ ಮುನಿಸ್ಕೊಂಡು ಸೊಟ್ಟಾಗ್ತದ.
ಕೆಳಗ ಎರಡು ಸಣ್ಣ ತೂತು ಬಿಟ್ಟೆ, ಹೊಕ್ಕ ನೀರು ಹೋಗಾಕ.
ಹೊರಗ ಕೆಂಪು ಪ್ರೈಮರ್, ಒಳಗ ಮೇಣ.
ಆಮ್ಯಾಲ ಬಲಗಡಿ. ಅದು ಬ್ಯಾರೇ ಮೂರು ದಿನ.
ಆಂಗಲ್ ಕೊಯ್ದು ಬಾಗಲಾ ಏರಿಸಿದ್ರ
ಒಂದೇ ಬೆರಳಿಲೆ ಕೂಡ್ತು.

ಟೀಚರ್ ಬಿಲ್ಲು ಕೂಡಿಸಿದ್ರು, ಮತ್ತ ಕೂಡಿಸಿದ್ರು.
"ಬಲಗಡಿಗಿ ಬರದೀರಿ. ಎಡಗಡಿಗಿ ರೊಕ್ಕ ಇಲ್ಲಲ್ಲ?"
"ಅದು ನಿಮ್ಮ ಅಪ್ಪಾರು ಕೊಟ್ಟಾರ್ರಿ,
ಎಂಬತ್ತಾರರಾಗ."

ಪೆನ್ನು ಹಂಗೇ ಹಿಡಕೊಂಡು
ನನ್ನ ಮಾರಿ ನೋಡಿದ್ರು.
"ಚಾ ತರಿಸ್ಲೇನ್ರಿ?" ಅಂದೆ.