ಟವೆಲ್ಲಿನ ಕೆಳಗೆ

ಕುಕ್ಕವಾಡದ ಮುರಿಗೆಪ್ಪನವರಿಗೆ ಕತ್ತಿನಿಂದ ಕೆಳಗೆ ಏನೂ ಇಲ್ಲ.
ಅಂದರೆ ಎಲ್ಲ ಇದೆ, ಹೇಳಿದ್ದು ಕೇಳುವುದಿಲ್ಲ.
ಹರಿಹರದ ರಸ್ತೆಯಲ್ಲಿ ಟೆಂಪೋ ಮಗ್ಗುಲಾದ ರಾತ್ರಿ
ಎತ್ತುಗಳು ಮೈಕೊಡವಿ ಎದ್ದು ನಿಂತವು,
ಇವರು ಏಳಲಿಲ್ಲ.
ನಲವತ್ತು ವರ್ಷ ದನದ ಸಂತೆಯಲ್ಲಿ
ಯಾರಿಗೂ ಕೈಕೊಡದ ದಲ್ಲಾಳಿಗೆ
ಕಡೆಗೆ ಕೈಯೇ ಕೈಕೊಟ್ಟಿತು.

ಈಗ ದಾವಣಗೆರೆಯಲ್ಲಿ, ನಮ್ಮ ಲ್ಯಾಬಿನ ಮೂರನೇ ಮಹಡಿ.
ಬುರುಡೆಯೊಳಗೆ ಕಡಲೆಬೇಳೆಯಷ್ಟು ಒಂದು ಚಿಪ್ಪು,
ಅದರ ಮೈಗೆ ಕೂದಲಿಗಿಂತ ತೆಳ್ಳನೆಯ ಮುಳ್ಳು,
ನೆತ್ತಿಯ ಮೇಲೆ ಲೋಹದ ಬಿರಡೆ,
ಬಿರಡೆಯಿಂದ ಕೇಬಲ್ಲು,
ಕೇಬಲ್ಲಿನ ಈ ತುದಿಗೆ ನಾನು.
ಅಮ್ಮ ಓಣಿಯವರಿಗೆ ಹೇಳುವುದು:
ಮಗಳು ಕರೆಂಟಿನ ಕೆಲಸ ಮಾಡ್ತಾಳೆ.

ತೋರುಬೆರಳು ಮಡಚಿದ ಹಾಗೆ ನೆನೆಸಿಕೊಳ್ಳಿ, ಅನ್ನುತ್ತಿದ್ದೆ.
ಈಗ ಬಿಡಿ. ಈಗ ಉಂಗುರಬೆರಳು. ಬಿಡಿ.
ಮೊದಲ ವಾರವೆಲ್ಲ ಸ್ಪೀಕರಿನಲ್ಲಿ
ಮಂಡಕ್ಕಿ ಭಟ್ಟಿಯ ಚಟಪಟ ಬಿಟ್ಟರೆ ಬೇರೇನಿಲ್ಲ,
ಕಾದ ಮರಳಲ್ಲಿ ಯಾವ ಕಾಳು ಯಾವಾಗ ಅರಳಿತೋ
ಹೇಳುವವರಾರು?
ಮೇಜಿನ ಮೇಲಿನ ಯಂತ್ರದ ಕೈ, ಅಂಗಡಿಯ ಗೊಂಬೆಯ ಕೈಯಂತೆ,
ಸುಮ್ಮನೆ ಬಿದ್ದಿತ್ತು.

ಎಂಟನೇ ದಿನ ಅವರೇ ಬಾಯಿ ಬಿಟ್ಟರು:
“ತಂಗೀ, ಒಂದು ಟವೆಲ್ ಹಾಕವ್ವ ಅದರ ಮ್ಯಾಲೆ.
ಬಯಲಾಗೆ ಬೆರಳು ಮಾತಾಡಂಗಿಲ್ಲ.”
ಇಂಜಿನಿಯರ್ ತಸ್ಮಿಯಾ ನಕ್ಕಳು.
ನಾನು ಊಟದ ಡಬ್ಬಿಗೆ ಸುತ್ತಿದ್ದ ಟವೆಲ್ ಬಿಚ್ಚಿ
ಹಾಸಿದೆ. ಸಾರಿನ ಕಲೆ ಇತ್ತು.
ಯಂತ್ರದ ಕೈ ಟವೆಲ್ಲಿನ ಕೆಳಗೆ
ಬುಟ್ಟಿಯಲ್ಲಿ ಮುಚ್ಚಿಟ್ಟ ಕೋಳಿಯ ಹಾಗೆ
ಮಿಸುಕಿತು.

ಆಮೇಲೆ ಸರಸರ ಎಲ್ಲ.
ನೂರಕ್ಕೆ ತೊಂಬತ್ತು, ತೊಂಬತ್ತೆರಡು.
ನಡುಬೆರಳಿನ ಗೆಣ್ಣು ಒತ್ತಿದರೆ ಅರ್ಧ,
ಮುಷ್ಟಿಗೆ ಐದು, ಅಂಗೈ ಕೆರೆದರೆ
ಗೊಡ್ಡು ಹಸು, ಹುಷಾರು.
ಎದುರಾಳಿಯ ಬೆರಳು ಹಿಡಿದು, ಮುಖದಲ್ಲಿ ಏನೂ ತೋರಿಸದೆ,
ಮಳೆ ಬೆಳೆ ಮಾತಾಡುತ್ತ
ಕೆಳಗೆ ಸಾವಿರಗಳನ್ನು ಏರಿಸಿ ಇಳಿಸಿದ ವಿದ್ಯೆ
ಕೈ ಸತ್ತರೂ ನೆತ್ತಿಯೊಳಗೆ ಹಸಿಯಾಗಿಯೇ ಇತ್ತು.

ಜಗಳ ಬಂದದ್ದು ಆ ಮೇಲೆ.
ಪರದೆ ತೋರಿಸಿ ತಸ್ಮಿಯಾ ಹಿಗ್ಗಿದಳು:
ನೋಡಿ ಅಜ್ಜಾ, ಇಲ್ಲಿ ಮೂರನೇ ಬೆರಳು ಎತ್ತಬೇಕಂದಿರಿ,
ಎತ್ತಲಿಲ್ಲ. ಯಂತ್ರ ಅದನ್ನೂ ಹಿಡಿದಿದೆ!
ಮುರಿಗೆಪ್ಪನವರು ಬಹಳ ಹೊತ್ತು
ಫ್ಯಾನು ನೋಡಿದರು.
“ಎತ್ತಿದ ಬೆರಳು ವ್ಯಾಪಾರ.
ಎತ್ತಬೇಕಂದು ಬಿಟ್ಟಿದ್ದು ನಂದು.
ಅದಕ್ಕೂ ಲೆಕ್ಕ ಬರಿಯೋ ದಲ್ಲಾಳೀನ
ನಮ್ಮ ಸಂತಿಯಾಗೆ ನಿಲ್ಲಾಕ ಬಿಡಂಗಿಲ್ಲ.”

ಒಪ್ಪಿಗೆ ಪತ್ರ ತೆಗೆದು ಓದಿದೆವು, ಹನ್ನೊಂದು ಪುಟ.
ರಕ್ತಸ್ರಾವ ಇತ್ತು, ಸೋಂಕು ಇತ್ತು, ಬಸ್ ಚಾರ್ಜು ಇತ್ತು.
ಬಿಟ್ಟ ಬೆರಳಿನ ಮಾತು ಎಲ್ಲೂ ಇರಲಿಲ್ಲ.
ತಸ್ಮಿಯಾ ಪೆನ್ನಿನ ತುದಿ ಕಚ್ಚುತ್ತ ಕುಂತಳು.
ಮರುದಿನ ಪ್ರೋಗ್ರಾಮಿಗೆ ಒಂದು ಸಾಲು ಸೇರಿತು:
ಎರಡು ಸಲ ಗಟ್ಟಿಯಾಗಿ ನೆನೆಯದ್ದನ್ನು ಬರೆಯಬೇಡ.
ಅಂಕ ಎಪ್ಪತ್ತೊಂಬತ್ತಕ್ಕೆ ಇಳಿಯಿತು.
ದೊಡ್ಡ ಡಾಕ್ಟರಿಂದ ಫೋನು ಬಂತು. ಬರಲಿ.

ಕಡೆಯ ದಿನ ಕೇಬಲ್ಲು ಬಿಚ್ಚುವ ಮುಂಚೆ
“ಕೈ ಕೊಡವ್ವ” ಅಂದರು.
ನಾನು ಪರದೆಯನ್ನು ಗೋಡೆಗೆ ತಿರುಗಿಸಿ
ಟವೆಲ್ಲಿನ ಕೆಳಗೆ ಕೈ ತೂರಿಸಿದೆ.
ರಬ್ಬರು ತಣ್ಣಗಿತ್ತು. ಎರಡು ಬೆರಳು ಹಿಡಿಯಿತು,
ಮೂರನೆಯದರ ಗೆಣ್ಣು ಮೆಲ್ಲಗೆ ಒತ್ತಿತು,
ಇನ್ನೊಂದಕ್ಕೆ ಬಂದು, ತಡೆದು,
ಹಿಂದಕ್ಕೆ ಹೋಯಿತು.
ಮುರಿಗೆಪ್ಪನವರು ಈ ಸಲದ ಮೆಕ್ಕೆಜೋಳದ ಬಗ್ಗೆ
ಏನೋ ಹೇಳುತ್ತಿದ್ದರು.

ಎರಡೂವರೆ. ಯಾವುದಕ್ಕೆ ಎಂದು ನಾನು ಕೇಳಲಿಲ್ಲ.
ಹಿಂದಕ್ಕೆ ಹೋದದ್ದನ್ನು
ಯಾವ ಫೈಲಿಗೂ ಹಾಕಲಿಲ್ಲ.
ಟವೆಲ್ ಮಾತ್ರ ಒಗೆದಿಲ್ಲ ಇನ್ನೂ.